ಜ್ವರ ತಮ್ಮನಿಗೆ, ರಸಾಯನ ನನಗೆ

ತಮ್ಮನಿಗೆ ಜ್ವರ. ಕಹಿ ಮಾತ್ರೆ ಕಂಡರೆ ಹಲ್ಲು ಕಚ್ಚಿಕೊಂಡು ಬಿಡುವ ಹುಡುಗ. ಅಜ್ಜಿ ಮಾತ್ರೆಯನ್ನು ಪುಡಿ ಮಾಡಿ ಬಾಳೆಹಣ್ಣಿನ ರಸಾಯನದಲ್ಲಿ ಕಲಸಿಟ್ಟಳು. ಬಾಯಿರುಚಿ ಕೆಟ್ಟಿದ್ದ ತಮ್ಮ ಗೋಡೆಯ ಕಡೆ ತಿರುಗಿ ಮಲಗಿದ. ರಸಾಯನ ದಂಡವಾಗಬಾರದಲ್ಲ, ನಾನೇ ಬಟ್ಟಲು ನೆಕ್ಕಿ ಮುಗಿಸಿದೆ.

ಈ ಹಳೆಯ ಕಳ್ಳತನ ನೆನಪಾದದ್ದು ಹಂದಿಗಳ ಕೆಮ್ಮಿನ ಬಗ್ಗೆ ಓದುವಾಗ. (ಅದನ್ನೇಕೆ ಓದುತ್ತೀರಿ ಎಂದು ಮನೆಯಲ್ಲೂ ಕೇಳಿದ್ದಾರೆ.) ಹಂದಿಯ ಸಹಜ ಮೈಬಿಸಿಯೇ ಸುಮಾರು 39 ಡಿಗ್ರಿ ಸೆಲ್ಸಿಯಸ್. ನಮಗೆ ಅಷ್ಟೇರಿದರೆ ಹಣೆಗೆ ಒದ್ದೆಬಟ್ಟೆ ಬೀಳುತ್ತದೆ. ಬೆವರಿ ತಣಿಯುವ ಭಾಗ್ಯವೂ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ.

ಜನರಿಗಿಂತ ಹಂದಿಗಳೇ ಹೆಚ್ಚಿರುವ ಡೆನ್ಮಾರ್ಕಿನಂಥ ದೇಶದಲ್ಲಿ ಒಂದೊಂದು ಶೆಡ್ಡಿನಲ್ಲೂ ನೂರಾರು ಹಂದಿ. ಅಲ್ಲಿಗೆ ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೆ ಹೊಕ್ಕಿತೆನ್ನಿ. ಹೆಸರು ಹೇಳುವಷ್ಟರಲ್ಲೇ ಉಸಿರು ಕಟ್ಟಿಸುವ ಈ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಇಳಿದು, ನಿನ್ನೆ ನೆಟ್ಟಗಿದ್ದ ಹಂದಿಯನ್ನು ಇವತ್ತು ಕೆಡವಬಲ್ಲದು. ಒಂದೊಂದನ್ನೇ ಹಿಡಿದು ಸೂಜಿ ಚುಚ್ಚುವುದು ಯಾರ ಕೈಲಾದೀತು? ಫೀಡಿಗೇ ಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್ ಬೆರೆಸುವುದು ಸುಲಭ. ಆದರೆ ಜ್ವರದ ಹಂದಿ ಮೂಲೆ ಹಿಡಿಯುತ್ತದೆ. ತೊಟ್ಟಿಗೆ ಮೂತಿ ಹಾಕುವುದು ಗಟ್ಟಿಮುಟ್ಟಾದವು. ಅಂದರೆ ನಾನು. ರೋಗಿಗೆ ಔಷಧಿ ಸಾಲದು, ಉಂಡವನ ಹೊಟ್ಟೆಯ ಬ್ಯಾಕ್ಟೀರಿಯಾ ಅದಕ್ಕೆ ಪಳಗುತ್ತದೆ. ಕೊಬ್ಬಿಸಲೆಂದು ಆಂಟಿಬಯಾಟಿಕ್ ತಿನ್ನಿಸುವುದನ್ನು ಯೂರೋಪಿಯನ್ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ರೋಗ ಬರುವ ಮುಂಚೆಯೇ ಇಡೀ ಹಿಂಡಿಗೆ ಉಣಿಸುವುದಕ್ಕೆ 2022ರಲ್ಲಿ ಕಡಿವಾಣ ಬಿತ್ತು.

ಹೇಗೋ ಔಷಧಿ ಒಳಗೆ ಹೋಯಿತು ಅನ್ನೋಣ. ಜ್ವರದ ಮೈಯೇ ಬೇರೆ. ಉರಿಯೂತ ಎದ್ದಾಗ ಯಕೃತ್ತಿನ ಕಿಣ್ವಗಳು ಸೋಮಾರಿಯಾಗುತ್ತವೆ. ಅವು ಒಡೆದುಹಾಕಬೇಕಾದ ಕೆಲವು ಔಷಧಿಗಳು ರಕ್ತದಲ್ಲೇ ಹೆಚ್ಚು ಹೊತ್ತು ಸುತ್ತುತ್ತವೆ. ಊದಿದ ಶ್ವಾಸಕೋಶದ ರಕ್ತನಾಳಗಳು ಸೋರುವುದರಿಂದ ಕೆಲವು ಔಷಧಿ ಅಲ್ಲಿಗೆ ಧಾರಾಳವಾಗಿಯೇ ಇಳಿಯುತ್ತವೆ. ಟುಲಾಥ್ರೊಮೈಸಿನ್‌ನಂಥವು ಬಿಳಿ ರಕ್ತಕಣಗಳ ಒಳಗೇ ಕೂತು, ಸೋಂಕಿರುವಲ್ಲಿಗೆ ಸವಾರಿ ಹೋಗುತ್ತವೆ. ಆದರೆ ರಕ್ತ ಹೆಪ್ಪುಗಟ್ಟಿ ಸತ್ತ ಭಾಗಕ್ಕೆ ರಕ್ತವೇ ಹೋಗದು, ಇನ್ನು ಔಷಧಿ ಎಲ್ಲಿಂದ? ಇಷ್ಟೆಲ್ಲ ಏರುಪೇರಿದ್ದರೂ ಡೋಸನ್ನು ಬಹುಪಾಲು ಲೆಕ್ಕ ಹಾಕಿರುವುದು ಆರೋಗ್ಯವಂತ ಹಂದಿಗಳ ಮೇಲೆ. ಅಣ್ಣನ ಅಳತೆಗೆ ತಮ್ಮನ ಅಂಗಿ ಹೊಲಿದ ಹಾಗೆ. ಕೊನೆಯ ಡೋಸಿನ ನಂತರ ಎಷ್ಟು ದಿನ ಕಾದು ಕಸಾಯಿಖಾನೆಗೆ ಕಳಿಸಬೇಕೆಂಬ ಲೆಕ್ಕವೂ ಆ ಅಂಗಿಯ ಜೇಬಿನಲ್ಲೇ ಇದೆ.

ಕಾಯಿಲೆಯ ಹಂದಿ ಫೀಡ್ ಬಿಡುವಷ್ಟು ಬೇಗ ನೀರು ಬಿಡುವುದಿಲ್ಲ. ಅದಕ್ಕೇ ನೀರಿನಲ್ಲಿ ಕರಗಿಸಿ ಕೊಡುತ್ತಾರೆ; ತೀರಾ ಸೋತದ್ದನ್ನು ಬೇರೆ ಅಂಕಣಕ್ಕೆ ಹಾಕಿ ಸೂಜಿ ಕೊಡುತ್ತಾರೆ.

ಅಜ್ಜಿ ಮರುದಿನ ಮಾತ್ರೆಯನ್ನು ಗಂಜಿತಿಳಿಯಲ್ಲಿ ಕದಡಿದಳು. ನನ್ನನ್ನು ಅಂಗಳಕ್ಕೆ ಅಟ್ಟಿ ಬಾಗಿಲ ಚಿಲಕ ಹಾಕಿಕೊಂಡಳು.