ಪರವೂರಿನ ಮನೆ, ಊರಿಲ್ಲದ ಹಣ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿ, ಅನಂತರ ನಾಲ್ಕು ದಶಕಗಳನ್ನು ಅವುಗಳ ಬೋಧನೆಯಲ್ಲಿಯೇ ಕಳೆದ ನನ್ನಂಥವನು ಹಣದ ವಿಷಯವಾಗಿ ಲೇಖನ ಬರೆಯಲು ಹೊರಟರೆ ಓದುಗ ಬಂಧುಗಳಿಗೆ ಅಚ್ಚರಿಯಾಗಬಹುದು. ನನಗೂ ಅಚ್ಚರಿಯೇ. ಆದರೆ 2024ರ ಕೊನೆಯಲ್ಲಿ ದುಬೈ ನಗರದಲ್ಲಿರುವ ಹಿರಿಯ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದಾಗ ನಡೆದ ಒಂದು ಸಂಗತಿ, ಮಕ್ಕಳು ಪರದೇಶಗಳಲ್ಲಿರುವ ಎಷ್ಟೋ ಮನೆತನಗಳಿಗೆ ಸಂಬಂಧಿಸಿದ್ದೆಂದು ತೋರಿದ್ದರಿಂದ ಅದನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮಗನ ಮನೆಯಿರುವುದು ಕರಾಮಾ ಎಂಬ ಬಡಾವಣೆಯಲ್ಲಿ. ಅಲ್ಲಿ ಇಡ್ಲಿ, ದೋಸೆಗಳಿಗೆ ಕೊರತೆಯಿಲ್ಲ. ಓಣಿಗಿಳಿದರೆ ಮಲಯಾಳ, ತುಳು, ಉರ್ದು, ಹಿಂದಿ ಮಾತುಗಳೇ ಕಿವಿಗೆ ಬೀಳುತ್ತವೆ. ಮೊದಲ ವಾರ ಊರು ಬಿಟ್ಟು ಬಂದೆನೆಂದೇ ಅನ್ನಿಸಲಿಲ್ಲ. ಎರಡನೆಯ ವಾರದಿಂದ ಆ ಬದುಕಿನ ಒಳಮೈ ಕಾಣತೊಡಗಿತು. ಸಂಜೆ ಉದ್ಯಾನದಲ್ಲಿ ಪರಿಚಯವಾದ ನಮ್ಮ ಕಡೆಯ ಗೃಹಸ್ಥರೊಬ್ಬರು ಇಪ್ಪತ್ತೈದು ವರ್ಷಗಳಿಂದ ಅಲ್ಲಿಯೇ ಇದ್ದವರು. ಆದರೂ "ನಮ್ಮ ಊರು" ಎಂದಾಗಲೆಲ್ಲ ಅವರು ಹೇಳುತ್ತಿದ್ದುದು ಗದಗ ಜಿಲ್ಲೆಯ ಒಂದು ಹಳ್ಳಿಯನ್ನು. ಸಾಮಾನ್ಯ ನೌಕರನ ವಾಸದ ಪರವಾನಗಿ ಅಲ್ಲಿ ಅವನ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಮನೆಯ ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನು ಮೊದಲೇ ಬರೆದು ಕೊಡಬೇಕು. ಕೆಲಸ ಹೋದರೆ ಕೆಲವು ದಿನಗಳ ಗಡುವಿನೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಮ್ಮವರಿಗೆ ಅಲ್ಲಿ ಸರಕಾರದ ನಿವೃತ್ತಿ ವೇತನವೆಂಬುದಿಲ್ಲ.

ಒಂದು ರಾತ್ರಿ ಊಟದ ನಂತರ ಮಗ 2020ರ ಕಥೆ ಹೇಳಿದ. ಆ ವರ್ಷ ಅವನಿದ್ದ ಕಂಪನಿ ಮುಚ್ಚಿತು. ಕೊನೆಯ ಲೆಕ್ಕದ ಹಣವೇನೋ ಬ್ಯಾಂಕಿಗೆ ಬಂತು. ಆದರೆ ಕಾರಿನ ಸಾಲ ಬಾಕಿಯಿತ್ತೆಂದು ಬ್ಯಾಂಕಿನವರು ಖಾತೆಯನ್ನೇ ತಡೆಹಿಡಿದರು. ಮೂರು ವಾರ ಹಾಲು, ತರಕಾರಿಗಳಿಗೂ ನೆರೆಯವರಲ್ಲಿ ಕೈಗಡ ತಂದು ದಿನ ದೂಡಿದರಂತೆ. ಆ ದಿನಗಳಲ್ಲಿ ಅವನು ಫೋನಿನಲ್ಲಿ ನಮಗೆ ಹೇಳುತ್ತಿದ್ದುದು "ಎಲ್ಲಾ ಆರಾಮ ಅದೇವ್ರಿ" ಎಂಬ ಮಾತೊಂದೇ. ನಾಲ್ಕು ವರ್ಷಗಳ ಮೇಲೆ ಅದನ್ನು ಕೇಳಿ ನನ್ನ ಗಂಟಲು ಕಟ್ಟಿತು.

"ಅಪ್ಪಾ, ಈ ಊರಾಗ ನಮ್ಮದು ಅಂಬೋದು ಏನೂ ಇಲ್ರಿ. ಮನಿ ಬಾಡಿಗಿದು, ವೀಸಾ ಕಂಪನಿದು, ಬ್ಯಾಂಕಿನ ಖಾತೆ ಸುದ್ದಾ ಅವೆರಡನ್ನ ನಂಬಿ ನಿಂತದ್ದು. ಯಾರ ಅಪ್ಪಣೆನೂ ಬೇಡದ, ನಾ ಹೋದಲ್ಲೆ ನನ್ನ ಕೂಡ ಬರೋದು ಒಂದಾದರೂ ಇರಲಿ ಅನಸ್ತು," ಎಂದ. ಆ ಒಂದು ಎಂದರೆ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ. ತನ್ನ ಉಳಿತಾಯದ ಹತ್ತರಲ್ಲೊಂದು ಪಾಲನ್ನು ಅವನು ಅದರಲ್ಲಿ ಇಟ್ಟಿದ್ದ.

ನಾನು ಅದನ್ನು ಜೂಜೆಂದೇ ತಿಳಿದಿದ್ದೆ. ಹಾಗೆಂದು ಅವನಿಗೆ ಹೇಳಿಯೂ ಬಿಟ್ಟೆ. ಅವನು ವಾದಿಸಲಿಲ್ಲ. ಮರುದಿನ ನಗರದ ನಡುವಿನ ಕ್ರೀಕ್ ಎಂಬ ಹಿನ್ನೀರನ್ನು ದಾಟಿಸುವ ದೋಣಿಯಲ್ಲಿ ನನ್ನನ್ನು ಕೂರಿಸಿದ. ಒಂದು ದಿರ್ಹಮ್ ಕೊಟ್ಟರೆ ಬರ್ ದುಬೈ ದಡದಿಂದ ದೇರಾ ದಡಕ್ಕೆ ಮುಟ್ಟಿಸುತ್ತಾರೆ. "ಈ ದೋಣಿಯೊಳಗ ಒಂದು ಕಾಲಕ್ಕ ನಮ್ಮ ರೂಪಾಯಿ ನಡೀತಿತ್ರಿ," ಎಂದ. ಆಮೇಲೆ ವಿಚಾರಿಸಿ ನೋಡಿದೆ, ಮಾತು ನಿಜ. ಕೊಲ್ಲಿಯ ಆ ನಾಡುಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯನ್ನು ತಡೆಯಲೆಂದು 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಭಾಗಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತ್ತು. 1966ರ ಜೂನ್ 6ರಂದು ದಿಲ್ಲಿಯ ಸರಕಾರ ರೂಪಾಯಿಯ ಅಪಮೌಲ್ಯ ಮಾಡಿತು; ಒಂದು ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ದಿಲ್ಲಿಯಲ್ಲಿ ಕೈಗೊಂಡ ತೀರ್ಮಾನ ಸಮುದ್ರದಾಚೆಯ ಅಂಗಡಿಕಾರನ ಪೆಟ್ಟಿಗೆಯನ್ನೂ ಅಲುಗಿಸಿತು. ಅವನನ್ನು ಯಾರೂ ಕೇಳಿರಲಿಲ್ಲ. ಅದೇ ವರ್ಷ ದುಬೈ ರೂಪಾಯಿಯನ್ನು ಕೈಬಿಟ್ಟಿತು. 1973ರಲ್ಲಿ ಈಗಿನ ದಿರ್ಹಮ್ ಬಂತು. ಹಣದ ಬೆಲೆ ಹಣವಂತನ ಕೈಯಲ್ಲಿಲ್ಲವೆಂಬುದು ನನಗೆ ಆ ದೋಣಿಯಲ್ಲಿ ಮನವರಿಕೆಯಾಯಿತು.

ಅಂದಿನಿಂದ ಸಂಜೆಗೊಂದು ಪಾಠದಂತೆ ಮಗನೇ ಗುರುವಾಗಿ, ನಾನು ವಿದ್ಯಾರ್ಥಿಯಾಗಿ ಕುಳಿತೆವು. ನನಗೆ ತಿಳಿದಷ್ಟನ್ನು ಓದುಗರಿಗೂ ಹೇಳುತ್ತೇನೆ. ನಾನು ಓದಿದ ಮಠದಲ್ಲಿ ಕಾರಭಾರಿಗಳು ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕವನ್ನು ಬರೆಯುತ್ತಿದ್ದರು. ಜಾತ್ರೆಯ ಮರುದಿನ ಜಮಾ ಖರ್ಚುಗಳನ್ನು ಭಕ್ತರೆದುರು ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯಿತ್ತು. ಓದಿದ್ದನ್ನು ತಮ್ಮ ಚೋಪಡಿಯಲ್ಲಿ ಬರೆದುಕೊಳ್ಳುವ ಹಿರಿಯರೂ ಇದ್ದರು. ಒಂದು ವರ್ಷ ಹಳೆಯ ಅಂಕಿಯೊಂದು ಕಿರ್ದಿಯಲ್ಲಿ ತಪ್ಪಿದ್ದನ್ನು ಅಂಥ ಒಬ್ಬರ ಚೋಪಡಿಯೇ ತೋರಿಸಿಕೊಟ್ಟಿತು. ಬಿಟ್‌ಕಾಯಿನ್ನಿನ ಮೂಲವೂ ಇಂಥದೇ ಒಂದು ಕಿರ್ದಿ. ಸತೋಶಿ ನಕಮೋಟೋ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಒಂಬತ್ತು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. 2009ರ ಜನವರಿ 3ರಂದು ಕಿರ್ದಿಯ ಮೊದಲ ಪುಟ ತೆರೆಯಿತು. ಅದಕ್ಕೆ ಕಾರಭಾರಿಯಿಲ್ಲ. ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಅದೇ ಕಿರ್ದಿಯ ಪ್ರತಿಗಳಿವೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ, ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಅಡಗಿರುತ್ತದೆ. ಆದ್ದರಿಂದ ಹಳೆಯದೊಂದು ಅಂಕಿಯನ್ನು ತಿದ್ದಿದರೆ ಮುಂದಿನದೆಲ್ಲವೂ ತಾಳೆ ತಪ್ಪುತ್ತದೆ. ಹೊಸ ಪುಟ ಸೇರಿಸಲು ಕಠಿಣವಾದ ಗಣಿತದ ಸ್ಪರ್ಧೆ ನಡೆಯುತ್ತದೆ, ಗೆದ್ದವರಿಗೆ ಹೊಸ ನಾಣ್ಯಗಳು ಸಲ್ಲುತ್ತವೆ. ಮೊದಲು ಪುಟಕ್ಕೆ 50 ಇದ್ದ ಆ ಸಂಭಾವನೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಯಾವ ಸರಕಾರವೂ ಹೆಚ್ಚಿಗೆ ಅಚ್ಚು ಹಾಕಿಸಲಾರದು.

ಇಷ್ಟು ತಿಳಿದ ಮೇಲೆ ಜೂಜೆಂಬ ನನ್ನ ಮಾತನ್ನು ಅರ್ಧ ಹಿಂದಕ್ಕೆ ಪಡೆದೆ. ಅರ್ಧ ಉಳಿಸಿಕೊಂಡೆ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ನಿಗೆ ಸುಮಾರು 69,000 ಡಾಲರ್ ಇದ್ದ ಬೆಲೆ ಮರುವರ್ಷದ ನವೆಂಬರ್‌ನಲ್ಲಿ 16,000ಕ್ಕಿಂತ ಕೆಳಗೆ ಕುಸಿದಿತ್ತು. ಮಗನ ಗೆಳೆಯನೊಬ್ಬ ತನ್ನ ನಾಣ್ಯಗಳನ್ನು ವಿನಿಮಯದ ಕಂಪನಿಯೊಂದರ ವಶದಲ್ಲಿಟ್ಟು, ಅದು ದಿವಾಳಿಯಾದಾಗ ತಂಗಿಯ ಮದುವೆಗೆಂದು ಕೂಡಿಟ್ಟದ್ದನ್ನೆಲ್ಲ ಕಳೆದುಕೊಂಡಿದ್ದ. ಆ ಗಣಿತದ ಸ್ಪರ್ಧೆಗೆ ಸುಡುವ ವಿದ್ಯುತ್ತಾದರೋ ಕೆಲವು ದೇಶಗಳ ಒಟ್ಟು ಬಳಕೆಗೆ ಸಮ. ದುಡಿಯದೆ ಸಿರಿವಂತರಾಗುವ ಆಸೆಯಿಂದ ಸಾಲ ಮಾಡಿ ಇದಕ್ಕೆ ಕೈಹಾಕುವ ತರುಣರನ್ನು ನಾನು ಎಂದಿಗೂ ಸಮರ್ಥಿಸಲಾರೆ. ನಮ್ಮ ದೇಶದಲ್ಲಿ ಇದು ಶಾಸನಬದ್ಧ ಚಲಾವಣೆಯ ಹಣವಲ್ಲ. 2022ರ ಏಪ್ರಿಲ್‌ನಿಂದ ಇದರ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆಯಿದೆ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಒಂದು ಸಂಜೆ ಮಗ ಒಂದು ಕಾಗದವನ್ನು ನನ್ನ ಮುಂದಿಟ್ಟ. ಅದರಲ್ಲಿ ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳಿದ್ದವು. ಅವನ ನಾಣ್ಯಗಳ ಬೀಗದಕೈ ಆ ಪದಗಳೇ. 2,048 ಪದಗಳ ಒಂದು ಕೋಶದಿಂದ ಅವನ್ನು ಯಂತ್ರವೇ ಆರಿಸಿ ಕೊಡುತ್ತದೆ. ಕ್ರಮ ತಪ್ಪದೆ ಅವು ಯಾರ ಬಳಿ ಇವೆಯೋ ಹಣ ಅವರದು. ಕಳೆದುಹೋದರೆ ಹಣ ಯಾರಿಗೂ ಇಲ್ಲ. ಶಬ್ದಕೋಶದ ಚಟವಿರುವ ನಾನು ಆ ಕೋಶವನ್ನೂ ತೆರೆಸಿ ನೋಡಿದೆ. ಮೊದಲ ಪದ 'ಅಬಾಂಡನ್', ಎಂದರೆ ತೊರೆಯುವುದು. ಕೊನೆಯ ಪದ 'ಝೂ', ಎಂದರೆ ಮೃಗಾಲಯ.

"ಕಾಗದ ಸುಡಬಹುದು, ಕಳೀಬಹುದು. ನೀವು ಅಮರಕೋಶ ಪೂರಾ ಬಾಯಿಪಾಠ ಮಾಡಿದವರು. ಇವನ್ನಷ್ಟು ನಿಮ್ಮ ತಲಿಯೊಳಗ ಇಟಗೊಳ್ರಿ," ಎಂದು ಕೇಳಿಕೊಂಡ. ನನಗೆ ಒಳಗೊಳಗೇ ಹಿಗ್ಗಾಯಿತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಎರಡೇ ದಿನದಲ್ಲಿ ಕಂಠಸ್ಥ ಮಾಡಿ ಒಪ್ಪಿಸಿದೆ. ಆದರೆ ಒಂದು ವಾರದ ಮೇಲೆ, ನಸುಕಿನಲ್ಲಿ ನಡೆದಾಡುತ್ತ ಮನಸ್ಸಿನಲ್ಲಿಯೇ ಹೇಳಿಕೊಂಡಾಗ, ಹದಿನೈದನೆಯ ಪದವೂ ಹದಿನಾರನೆಯದೂ ಅದಲುಬದಲಾಗಿದ್ದವು. ಕಾಗದ ನೋಡಿದ ಮೇಲೆಯೇ ಅದು ಗೊತ್ತಾಯಿತು. ಐವತ್ತು ವರ್ಷಗಳ ಹಿಂದೆ ಕಲಿತದ್ದು ಇಂದಿಗೂ ಅಚ್ಚಳಿಯದೆ ಇದೆ. ಹೋದ ವಾರ ಕಲಿತದ್ದು ನಿಲ್ಲಲೊಲ್ಲದು. ನನ್ನ ವಯಸ್ಸನ್ನು ನಾನು ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ತೀರ್ಥರೂಪರು ನೆನಪಾದರು. ಅವರು ಕಾಳುಕಡಿಯ ವ್ಯಾಪಾರಿಗಳು. ಯಾರಿಗೆ ಎಷ್ಟು ಕೈಗಡ ಕೊಟ್ಟಿದ್ದಾರೆಂಬುದು ಅವರ ನೆನಪಿನಲ್ಲಿಯೇ ಇರುತ್ತಿತ್ತು. ಬರೆದಿಡುವುದು ಸ್ನೇಹಕ್ಕೆ ಅವಮಾನವೆಂದು ಅವರ ಭಾವನೆ. 1972ರಲ್ಲಿ ಅವರು ಹಠಾತ್ತಾಗಿ ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ. ಮಠದಿಂದ ನನ್ನನ್ನು ಕರೆಸಿದರು. ಯಾರಿಂದ ಏನು ಬರಬೇಕೆಂಬುದು ನಮ್ಮ ಅವ್ವನಿಗೆ ತಿಳಿದಿರಲಿಲ್ಲ. ಊಹೆಯ ಮೇಲೆ ಹತ್ತು ಹನ್ನೆರಡು ಮನೆಗಳ ಬಾಗಿಲಿಗೆ ಹೋದಳು, ನಾನೂ ಅವಳ ಸೆರಗು ಹಿಡಿದಂತೆ ಹಿಂದೆ ಹಿಂದೆ ಹೋದೆ. ಬಹುಮಂದಿ ಇಲ್ಲವೆಂದರು. ಸುಗ್ಗಿಯ ಮೇಲೆ ಒಬ್ಬ ರೈತ ಮಾತ್ರ ತಾನಾಗಿಯೇ ಬಂದು ಹಣವನ್ನು ಅವಳ ಮುಂದಿಟ್ಟು ಕೈಮುಗಿದ. ಉಳಿದದ್ದು ಅಪ್ಪನ ನೆನಪಿನೊಡನೆಯೇ ಮಣ್ಣಾಯಿತು.

ಬೆಳಿಗ್ಗೆ ಮಗನನ್ನು ಕರೆದು ಕೇಳಿದೆ: "ಈ ಪದಗೋಳು ನಿನ್ನ ಹೆಂಡತಿಗೆ ಗೊತ್ತದಾವೇನು?" ಅವನು ತಲೆತಗ್ಗಿಸಿದ. ಪದಗಳಿರಲಿ, ಇಂಥ ಹಣವಿದೆಯೆಂಬುದೇ ಸೊಸೆಗೆ ತಿಳಿದಿರಲಿಲ್ಲ. 2022ರಲ್ಲಿ ಬೆಲೆ ಬಿದ್ದಾಗ ಹೇಳಲು ಅಂಜಿದವನು, ಮತ್ತೆ ಏರಿದಾಗಲೂ ಹೇಳದೆಯೇ ಉಳಿದಿದ್ದ. ನಾನು ಹೇಳಿದೆ: "ಆಕೀಗೆ ಗೊತ್ತಿಲ್ಲದ ಗಂಟಿಗೆ ನಾ ಕಾವಲಿರೂದಿಲ್ಲಪ್ಪಾ. ನಿನಗ ನಾಳೆ ಏನಾರ ಆದರ, ಬ್ಯಾಂಕಿನವರು ಖಾತೆ ತಡದರೂ ಕೋರ್ಟಿಗೆ ಹೋಗಿ ಆಕಿ ಎಂದಾದರೂ ಬಿಡಸ್ಯಾಳು. ಇದನ್ನ ಯಾವ ಕೋರ್ಟು ಕೊಡಸ್ತದ?" ವೇಲ್ಸ್‌ನ ನ್ಯೂಪೋರ್ಟ್ ಪಟ್ಟಣದವನೊಬ್ಬನ ಸಾವಿರಾರು ಬಿಟ್‌ಕಾಯಿನ್‌ಗಳ ಕೀಲಿಯಿದ್ದ ಕಂಪ್ಯೂಟರಿನ ಭಾಗ 2013ರಲ್ಲಿ ಕಸದ ತಿಪ್ಪೆಗೆ ಸೇರಿ, ಅವನು ವರ್ಷಗಟ್ಟಲೆ ಹೋರಾಡಿದರೂ ತಿಪ್ಪೆ ಅಗೆಯಲು ಅಪ್ಪಣೆ ಸಿಗದ ಕಥೆಯನ್ನು ನನಗೆ ಹೇಳಿದವನು ಅವನೇ.

ಅಂದು ರಾತ್ರಿಯೇ ಅವನು ಎಲ್ಲವನ್ನೂ ಹೆಂಡತಿಗೆ ತಿಳಿಸಿದ. ಸೊಸೆ ಕೂಗಾಡಲಿಲ್ಲ. ಎಷ್ಟು, ಯಾವಾಗಿನಿಂದ ಎಂದಷ್ಟೇ ಕೇಳಿದಳು. ಎರಡು ದಿನ ಅವನೊಡನೆ ಮಾತಾಡಲಿಲ್ಲ. ನನ್ನೆದುರು ಮಾತ್ರ, "ಮಾವಾರ, ಆ ಮೂರು ವಾರ ನಾನೂ ಅವರ ಕೂಡ ಕೈಗಡದ ಹಾಲು ಕಾಸೀನ್ರಿ. ಅಷ್ಟಾದ ಮ್ಯಾಲೂ ನನಗ ಹೇಳಲಿಲ್ಲಲ್ರಿ," ಎಂದು ಕಣ್ಣೀರಿಟ್ಟಳು. ನನ್ನಲ್ಲಿ ಉತ್ತರವಿರಲಿಲ್ಲ. ಮೂರನೆಯ ದಿನ ತಾನೇ ಕಾಗದವನ್ನು ಕೇಳಿ ಪಡೆದು ಗಂಡನೆದುರು ಕುಳಿತಳು. ಆ ಉಪಕರಣವನ್ನು ತೆರೆಯುವುದು, ಪದಗಳನ್ನು ಸೇರಿಸುವುದು, ಎಚ್ಚರಿಕೆಗಳು, ಎಲ್ಲವನ್ನೂ ಕಲಿತಳು. ಅವಳು ಲೆಕ್ಕಪತ್ರದ ಪದವೀಧರೆ, ನನಗೆ ಎರಡು ವಾರ ಹಿಡಿದದ್ದು ಅವಳಿಗೆ ಎರಡು ಸಂಜೆಯಲ್ಲಿ ತಿಳಿಯಿತು. ಪದಗಳನ್ನು ಎರಡು ಪ್ರತಿ ಮಾಡಿ ಮುದ್ರೆಯೊತ್ತಿ ಎರಡು ಕಡೆ ಇರಿಸಿದ್ದಾರೆ. ಎಲ್ಲಿ ಎಂಬುದು ಅವರಿಬ್ಬರಿಗೆ ಗೊತ್ತು. ನನಗೆ ಹೇಳಬೇಡಿರೆಂದು ನಾನೇ ಕೇಳಿಕೊಂಡೆ.

ಯಾರನ್ನೂ ನಂಬಬೇಕಾಗಿಲ್ಲದ ಹಣವೆಂದು ಇದನ್ನು ಹೊಗಳುವವರಿದ್ದಾರೆ. ಬ್ಯಾಂಕು, ಸರಕಾರಗಳ ಮಟ್ಟಿಗೆ ಆ ಮಾತು ನಿಜವಿರಬಹುದು. ಆದರೆ ಮನುಷ್ಯನಿಗೆ ಆಯುಷ್ಯವೊಂದಿದೆ, ಮರೆವೊಂದಿದೆ. ಅವೆರಡರ ಮುಂದೆ ಎಂಥ ಹಣವನ್ನೂ ಯಾರಾದರೊಬ್ಬರನ್ನು ನಂಬಿ ಒಪ್ಪಿಸಲೇಬೇಕಾಗುತ್ತದೆ. ಹಣ ಬಂಗಾರವೇ ಇರಲಿ, ಠೇವಣಿಯೇ ಇರಲಿ, ವಿಮೆಯೇ ಇರಲಿ, ಈ ಹೊಸ ನಾಣ್ಯವೇ ಇರಲಿ, ಮನೆಯವರಿಗೆ ತಿಳಿಸಿ ಬರೆದಿಡಿರೆಂದು ಪರವೂರುಗಳಲ್ಲಿರುವ ನಮ್ಮ ಮಕ್ಕಳಲ್ಲಿ ಕೇಳಿಕೊಳ್ಳುತ್ತೇನೆ. ಮಕ್ಕಳು "ಆರಾಮ ಅದೇವ್ರಿ" ಎಂದಾಗ ಅಷ್ಟಕ್ಕೇ ಬಿಡದೆ ಇನ್ನೊಂದು ಮಾತು ಕೇಳಿರೆಂದು ಹಿರಿಯರಲ್ಲಿಯೂ ಪ್ರಾರ್ಥಿಸುತ್ತೇನೆ.

ಧಾರವಾಡಕ್ಕೆ ಮರಳಿದ ಮೇಲೆ ಆ ಪದಗಳನ್ನು ನಾನು ಮತ್ತೆ ಹೇಳಿಕೊಳ್ಳಲಿಲ್ಲ. ಈಗ ನಾಲ್ಕೈದು ಮಾತ್ರ ನೆನಪಿವೆ, ಅವೂ ಕ್ರಮ ತಪ್ಪಿ. ಭಾನುವಾರದ ಫೋನಿನಲ್ಲಿ ಈಗ ಸೊಸೆಯೇ ಮೊದಲು ಮಾತನಾಡುತ್ತಾಳೆ. ವಾರದ ಸುದ್ದಿಯ ಜೊತೆಗೆ ಮನೆಯ ಜಮಾ ಖರ್ಚನ್ನೂ ಒಂದಿಷ್ಟು ಹೇಳುತ್ತಾಳೆ. ಮಗ ಪಕ್ಕದಲ್ಲಿ ಕುಳಿತು ಕೇಳುತ್ತಿರುತ್ತಾನೆ.