ಗಾಡಿ ರಿಪೇರಿನಾ ಅಂಕಲ್?

ಬೆಂಗಳೂರಿನಲ್ಲಿ ಕಾಲಿಗೆ ಕೆಲಸ ಕೊಡುವವರಲ್ಲಿ ಎರಡು ಪಂಗಡ. ವಾಕಿಂಗ್ ಮಾಡುವವರದು ಒಂದು, ನಡೆದು ಹೋಗುವವರದು ಇನ್ನೊಂದು. ಮೊದಲನೆಯವರಿಗೆ ಊರಿನಲ್ಲಿ ಭಾರೀ ಮರ್ಯಾದೆ. ಬೆಳಗಿನ ಜಾವ ಎದ್ದು ಬಿಳಿ ಶೂ ಕಟ್ಟಿ, ಕಾರು ಹತ್ತಿ ಲಾಲ್‌ಬಾಗಿಗೋ ಕಬ್ಬನ್ ಪಾರ್ಕಿಗೋ ಹೋಗುತ್ತಾರೆ. ಕಾರು ನಿಲ್ಲಿಸಲು ಜಾಗ ಹುಡುಕುತ್ತ ಹೊರಗೆ ನಾಲ್ಕು ಸುತ್ತು, ಆಮೇಲೆ ಒಳಗೆ ನಾಲ್ಕು ಸುತ್ತು. ಬರುವಾಗ ಇಡ್ಲಿ ವಡೆ ತಿಂದು, ಅದೇ ಕಾರಿನಲ್ಲಿ ವಾಪಸ್ಸು. ಡಾಕ್ಟರು ಇವರನ್ನು ಮೆಚ್ಚುತ್ತಾರೆ. ಅಷ್ಟು ಹೊತ್ತು ಮನೆಯಲ್ಲಿರುವುದಿಲ್ಲವಲ್ಲ ಎಂದು ಮನೆಯವರೂ ಮೆಚ್ಚುತ್ತಾರೆ.

ಎರಡನೆಯ ಪಂಗಡದವರಿಗೆ ಎಲ್ಲಿಗೋ ತಲುಪಬೇಕಾಗಿರುತ್ತದೆ. ಬಸ್ಸು ಹಿಡಿಯಬೇಕು, ಹಾಲು ತರಬೇಕು, ಮೊಮ್ಮಗುವನ್ನು ಶಾಲೆಯಿಂದ ಕರೆತರಬೇಕು. ನಾನು ಈ ಪಂಗಡದವನು. ಡಾಕ್ಟರು ಹೇಳಿದರೆಂದು ನಡೆದರೆ ಆರೋಗ್ಯ, ಕೊತ್ತಂಬರಿ ಸೊಪ್ಪಿಗೆಂದು ನಡೆದರೆ ದಾರಿದ್ರ್ಯ ಎಂಬುದು ನಮ್ಮ ಬಡಾವಣೆಯ ಅಲಿಖಿತ ಶಾಸ್ತ್ರ. ಸಂಜೆ ಕೈಚೀಲ ಹಿಡಿದು ಗೇಟು ದಾಟಿದರೆ ಸಾಕು, ಎದುರುಮನೆಯ ಹುಡುಗ ಕಾರಿನ ಗಾಜು ಇಳಿಸುತ್ತಾನೆ.

"ಏನ್ ಅಂಕಲ್, ಗಾಡಿ ರಿಪೇರಿನಾ?"

"ಇಲ್ಲಪ್ಪ, ಗಾಡಿ ಚೆನ್ನಾಗಿದೆ. ಸೊಪ್ಪು ತರೋಣ ಅಂತ ಹೊರಟೆ."

"ಅಯ್ಯೋ, ಅದಕ್ಯಾಕೆ ನಡೀತೀರ? ಹತ್ತಿ, ಬಿಡ್ತೀನಿ."

ಪಾಪ, ಒಳ್ಳೆಯ ಹುಡುಗ. ಬೇಡವೆಂದರೆ ನೊಂದುಕೊಂಡಾನೆಂದು ಒಮ್ಮೆ ಹತ್ತಿ ಕೂತೆ. ಸೊಪ್ಪಿನ ಅಂಗಡಿ ಇರುವುದು ಮುಖ್ಯರಸ್ತೆಯ ಆಚೆ ಬದಿ. ರಸ್ತೆಯ ನಡುವೆ ಎದೆಯೆತ್ತರದ ಕಬ್ಬಿಣದ ಬೇಲಿ. ಕಾರು ಎಡಕ್ಕೆ ತಿರುಗಿ, ಸಿಗ್ನಲ್ ದಾಟಿ, ಫ್ಲೈಓವರಿನ ಬುಡದಲ್ಲಿರುವ ಯೂ ಟರ್ನ್ ಹುಡುಕಿಕೊಂಡು ಹೊರಟಿತು. ಅಂಗಡಿಯ ಬೋರ್ಡು ಕಣ್ಣಿಗೆ ಕಾಣುತ್ತಿದ್ದಂತೆಯೇ ನಾವು ಅದರಿಂದ ದೂರ ದೂರ ಹೋಗುತ್ತಿದ್ದೆವು. ಸಿಗ್ನಲ್ಲಿನಲ್ಲಿ ಅವನು ನಿಟ್ಟುಸಿರುಬಿಟ್ಟು, "ಟ್ರಾಫಿಕ್ ವಿಪರೀತ ಆಗೋಯ್ತು ಅಂಕಲ್" ಎಂದ. ನಮ್ಮ ಹಿಂದೆ ಮುಂದೆ ಒಂದೊಂದು ಕಾರಿನಲ್ಲಿ ಒಬ್ಬೊಬ್ಬರೇ ಕೂತು ಇದೇ ಮಾತು ಹೇಳಿಕೊಳ್ಳುತ್ತಿದ್ದಿರಬೇಕು. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. 2022ರಲ್ಲಿ ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿದಾಗ ಇಲ್ಲಿಯ ನಡು ಊರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಿತ್ತು. ನಿಧಾನದಲ್ಲಿ ಲಂಡನ್ ಮೊದಲು, ನಾವು ಎರಡನೆಯವರು. ಲಂಡನ್ನಿನ ಸಾಲಿನಲ್ಲಿ ಕೂರುವ ನಮ್ಮ ಹಳೆಯ ಆಸೆ ಈಡೇರಿದ್ದು ಹೀಗೆ.

ನಡೆದೇ ಆಚೆ ದಾಟುತ್ತೇನೆಂದರೆ ಸ್ಕೈವಾಕ್ ಇದೆ. ಎರಡು ಮಹಡಿಯಷ್ಟು ಮೆಟ್ಟಿಲು. ಲಿಫ್ಟೂ ಇದೆ, ಅದರ ಬಾಗಿಲಿಗೆ ಬೀಗವೂ ಇದೆ. ಏದುಸಿರು ಬಿಡುತ್ತ ಮೇಲೆ ಹತ್ತಿದರೆ ಕಾಣುವುದು ದೊಡ್ಡದೊಂದು ಜಾಹೀರಾತು ಫಲಕದ ಬೆನ್ನು ಮಾತ್ರ. ಮುಖವೆಲ್ಲ ಕೆಳಗೆ ಕಾರಿನಲ್ಲಿ ಕೂತವರ ಕಡೆಗೆ. ಆಚೆ ಬದಿ ಇಳಿದು ತಲೆಯೆತ್ತಿ ನೋಡಿದರೆ, ಅದು ಹೊಸ ಕಾರಿನ ಜಾಹೀರಾತು. ನಡೆಯುವವರಿಗೆಂದು ಕಟ್ಟಿದ ಸೇತುವೆ ಕೊನೆಗೂ ಒಂದು ಕಾರು ಕೊಂಡುಕೋ ಎಂದೇ ಬುದ್ಧಿ ಹೇಳುತ್ತದೆ.

ಇನ್ನು ಫುಟ್‌ಪಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಅಂದರೆ ಒಂದು ಗೇಣಿಗಿಂತ ಕಡಿಮೆ. ನಮ್ಮ ಕಡೆ ಫುಟ್‌ಪಾತೆಂದರೆ ಚರಂಡಿಯ ಮುಚ್ಚಳ. ಚರಂಡಿ ಎಷ್ಟೆತ್ತರವೋ ಮುಚ್ಚಳವೂ ಅಷ್ಟೆತ್ತರ. ಕೆಲವು ಕಡೆ ಮೊಣಕಾಲು ಹಿಡಿದು, "ಶಿವಾ" ಎಂದು ಹತ್ತಬೇಕು. ಹತ್ತಿ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಯಾರದೋ ಮನೆಯ ಕಾರು ಇಳಿಯುವ ಇಳಿಜಾರು ಬರುತ್ತದೆ, ಇಳಿಯಬೇಕು. ಮತ್ತೆ ಹತ್ತಬೇಕು. ಚಪ್ಪಡಿಗಳು ಮುದುಕರ ಹಲ್ಲಿನಂತೆ: ಒಂದು ಅಲ್ಲಾಡುತ್ತದೆ, ಒಂದು ಒಳಕ್ಕೆ ಬಾಗಿದೆ, ಒಂದು ಇಲ್ಲವೇ ಇಲ್ಲ. ಇದ್ದ ಜಾಗದಲ್ಲಿ ಟ್ರಾನ್ಸ್‌ಫಾರ್ಮರು, ಮನೆ ಕಟ್ಟುವವರ ಜಲ್ಲಿ, ಮರಕ್ಕೆ ನೇತುಹಾಕಿದ ಕೇಬಲ್ಲಿನ ಸುರುಳಿ. ಎಳನೀರಿನವನ ಮೇಲೂ ಹೂವಿನಾಕೆಯ ಮೇಲೂ ನನಗೆ ಸಿಟ್ಟಿಲ್ಲ. ಅಲ್ಲಿ ನಿಂತು ಎರಡು ಮಾತಾಡುವವರು ಅವರಿಬ್ಬರೇ. ಇಷ್ಟನ್ನೂ ದಾಟಿ ಒಂದು ನೇರವಾದ ತುಣುಕು ಸಿಕ್ಕಿತೆಂದು ಸಮಾಧಾನಪಡುವಾಗ ಬೆನ್ನ ಹಿಂದೆ ಹಾರ್ನು. ಸ್ಕೂಟರು! "ಸ್ವಲ್ಪ ಸೈಡ್ ಕೊಡಿ ಸಾರ್" ಎಂದು ಕೇಳುವವನ ದನಿಯಲ್ಲಿ, ರಸ್ತೆ ಬಿಟ್ಟು ಇಲ್ಲೇಕೆ ನಡೆಯುತ್ತೀರಿ ಎಂಬ ಆಕ್ಷೇಪಣೆ ಇರುತ್ತದೆ.

ನನ್ನ ಹೆಂಡತಿ ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಹೇಳಿಬಿಟ್ಟಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆಲ್ಲ ಬಸ್ ಪ್ರಯಾಣ ಉಚಿತವಾಯಿತಲ್ಲ, ಆಗ. ಕತ್ತಲಾದ ಮೇಲೆ ದೀಪವಿಲ್ಲದ ಆ ಚಪ್ಪಡಿಗಳ ಮೇಲೆ ಕಾಲಿಡಲು ಅವಳಿಗೆ ಭಯ. "ರೀ, ಇಲ್ಲಿಂದ ಮೈಸೂರಿನ ತನಕ ಬೇಕಾದರೂ ಬಿಟ್ಟಿ ಹೋಗಿಬರಬಹುದು. ಬಸ್‌ಸ್ಟಾಪಿಗೆ ಹೋಗೋಕೆ ಮಾತ್ರ ಆಟೊಗೆ 50 ರೂಪಾಯಿ ಕೊಡಿ" ಎಂದಳು. ಆ ಆಟೊದವರಾದರೂ ಬರುತ್ತಾರೆಯೇ? "ಇಷ್ಟು ಹತ್ರಕ್ಕೆ ಬರಲ್ಲಮ್ಮ, ನಡ್ಕೊಂಡೇ ಹೋಗಬೋದು" ಎನ್ನುತ್ತಾರೆ.

ಈ ಊರು ಹುಟ್ಟಿನಿಂದಲೇ ಹೀಗಿರಲಿಲ್ಲ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದಾಗ ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವಲ್ಲಿಂದ ನಾಲ್ಕು ದಿಕ್ಕಿಗೆ ಎತ್ತುಗಳನ್ನು ಹೂಡಿ ಬಿಟ್ಟರೆಂದು ಐತಿಹ್ಯ. ಎತ್ತು ನಡೆದದ್ದೇ ರಸ್ತೆ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತ ಮೇಲೆ ಗಾಳಿ ಬೆಳಕಿಗೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ನೇರ ರಸ್ತೆ, ಹತ್ತಿರ ಹತ್ತಿರ ಅಡ್ಡರಸ್ತೆ, ಮನೆಗಳ ಬೆನ್ನಿಗೆ ಸಣ್ಣ ಗಲ್ಲಿ, ನಡುವೆ ಮಾರುಕಟ್ಟೆ. ಅಂಗಡಿ, ದೇವಸ್ಥಾನ, ಶಾಲೆ ಯಾವುದಕ್ಕೂ ಗಾಡಿ ಬೇಕಾಗದ ಹಾಗೆ ಅಳೆದು ಇಟ್ಟಿದ್ದರು. ಮಾಸ್ತಿಯವರು ಗವಿಪುರದ ಮನೆಯಿಂದ ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದುದನ್ನು ಹಿಂದಿನ ತಲೆಮಾರಿನವರೆಲ್ಲ ಬಲ್ಲರು.

ನಮ್ಮ ತಂದೆ ಹನುಮಂತನಗರದಿಂದ ಗಾಂಧಿ ಬಜಾರಿಗೆ ಸಂಜೆ ಹೊರಟರೆ ಅದು ತರಕಾರಿಗೋ, ಹರಟೆಗೋ, ಸುಮ್ಮನೆಯೋ ಎಂದು ಅಮ್ಮನಿಗೂ ಗೊತ್ತಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಲಿಗಳು, ಜಗಲಿಯ ಮೇಲೆ ಜನ. "ಏನ್ ರಾಯರೇ, ಸವಾರಿ ಎಲ್ಲಿಗೆ?" ಎಂದೊಬ್ಬರು. "ಮಗಳಿಗೆ ಗಂಡು ಗೊತ್ತಾಯ್ತೇ?" ಎಂದಿನ್ನೊಬ್ಬರು. ಸಾಲ ಕೊಟ್ಟವರ ಮನೆ ಬಂದರೆ ಅಪ್ಪ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ದಾಟಲು ಆಗ ಸ್ಕೈವಾಕ್ ಬೇಕಿರಲಿಲ್ಲ. ಮನೆಗೆ ಬರುವಾಗ ಚೀಲದಲ್ಲಿ ಎಳೆಯ ಹೀರೇಕಾಯಿ, ಜೊತೆಗೆ ನಾಲ್ಕು ಮನೆಯ ಸುದ್ದಿ. ದೂರ ಹೋಗಬೇಕಾದರೆ ಕೆಂಪು ಬಿಟಿಎಸ್ ಬಸ್ಸು. ಚಿಲ್ಲರೆಯಿಲ್ಲದ ಕಂಡಕ್ಟರು ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದುಕೊಟ್ಟು, ಇಳಿಯುವಾಗ ಮರೆಯುತ್ತಿದ್ದರು. ನಾವು ಮರೆಯುತ್ತಿರಲಿಲ್ಲ.

ಆಮೇಲೆ ಊರು ಕಾಲಿನ ಅಳತೆ ಬಿಟ್ಟಿತು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಆಯಿತು. 2025ರಲ್ಲಿ ಗ್ರೇಟರ್ ಎಂದಾಗಿ ಐದು ಪಾಲಿಕೆಗಳಾಗಿ ಒಡೆಯಿತು. ಹಳ್ಳಿಯ ಹೊಲಗಳು ರೆವಿನ್ಯೂ ಸೈಟುಗಳಾದವು. ರಸ್ತೆಗೆ ಬಿಟ್ಟದ್ದೇ ಇಪ್ಪತ್ತು ಅಡಿ, ಅದರಲ್ಲಿ ಫುಟ್‌ಪಾತು ಎಲ್ಲಿಂದ ಬರಬೇಕು? ಪಕ್ಕದಲ್ಲಿ ಅಪಾರ್ಟ್‌ಮೆಂಟಿನ ಕಾಂಪೌಂಡು ಗೋಡೆ ಫರ್ಲಾಂಗುಗಟ್ಟಲೆ ಹೋಗುತ್ತದೆ. ಅದರಲ್ಲಿ ಜಗಲಿಯಿಲ್ಲ, ಕಿಟಕಿಯಿಲ್ಲ, ಎಲ್ಲಿಗೆ ಹೊರಟಿರಿ ಎಂದು ಕೇಳುವವರೂ ಇಲ್ಲ. ನಮ್ಮ ಅಕ್ಕ ಮಲ್ಲೇಶ್ವರದಲ್ಲಿದ್ದಾಳೆ, ಅವಳ ಮಗಳು ಡಲ್ಲಾಸಿನಲ್ಲಿ. ಇಬ್ಬರೂ ವೀಡಿಯೊ ಕಾಲಿನಲ್ಲೇ ಸಿಗುವುದು. ಡಲ್ಲಾಸಿನವಳಾದರೂ ವರ್ಷಕ್ಕೊಮ್ಮೆ ಮನೆಗೆ ಬಂದುಹೋಗುತ್ತಾಳೆ.

ಅಭಿವೃದ್ಧಿಯೇ ಆಗಿಲ್ಲವೆಂದು ನಾನು ದೂರುವುದಿಲ್ಲ. 2011ರ ಅಕ್ಟೋಬರಿನಲ್ಲಿ ಮೊದಲ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದಾಗ, ಕೆಲಸವಿಲ್ಲದಿದ್ದರೂ ಸಂಸಾರಸಮೇತ ಹತ್ತಿ ಇಳಿದವರಲ್ಲಿ ನಾವೂ ಇದ್ದೆವು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವೂ ಸೇರಿ ಜಾಲ 96 ಕಿ.ಮೀ. ಆಯಿತು. ಒಳಗೆ ತಣ್ಣನೆಯ ಗಾಳಿ, ಫಳಫಳ ನೆಲ, ಹೇಳಿದ ಹೊತ್ತಿಗೆ ಬರುವ ರೈಲು. ಆದರೆ ಮೆಟ್ರೊ ಹತ್ತುವವನು ನಿಲ್ದಾಣದಲ್ಲೇ ಹುಟ್ಟುವುದಿಲ್ಲ, ಇಳಿದ ಮೇಲೆ ಅಲ್ಲೇ ಮಲಗುವುದೂ ಇಲ್ಲ. ಎಸ್ಕಲೇಟರು ನಮ್ಮನ್ನು ಮೃದುವಾಗಿ ಇಳಿಸಿ, ಬಾಯ್ದೆರೆದ ಚರಂಡಿಯ ಮುಂದೆ ನಿಲ್ಲಿಸಿ ಕೈಮುಗಿಯುತ್ತದೆ. ಮನೆ ಇನ್ನೂ ಅರ್ಧ ಕಿ.ಮೀ. ದೂರ. ಸಾವಿರಾರು ಕೋಟಿಯ ರೈಲನ್ನು ಆ ಅರ್ಧ ಕಿ.ಮೀ. ಸೋಲಿಸುತ್ತದೆ. ಸೋತ ಪ್ರಯಾಣಿಕ ಮರುದಿನ ಸ್ಕೂಟರಿನ ಕಿಕ್ ಒದೆಯುತ್ತಾನೆ.

ಮಾಡಲು ಬರುವುದಿಲ್ಲವೆಂದೂ ಹೇಳುವಂತಿಲ್ಲ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಹೆಸರಿನಲ್ಲಿ ಪೈಪು, ವೈರುಗಳನ್ನೆಲ್ಲ ನೆಲದಡಿಗೆ ಹಾಕಿ ಅಗಲವಾದ ಕಾಲುದಾರಿ ಮಾಡಿದ್ದಾರೆ. ಅಲ್ಲಿ ನಡೆದಾಗ ಬೇರೆಯವರ ಮನೆಯ ಸೋಫಾದ ಮೇಲೆ ಕೂತ ಸಂಕೋಚವಾಗುತ್ತದೆ. ಜನ ಕೇಳಿದರೆ ಸರ್ಕಾರ ಕೇಳುವುದೇ ಇಲ್ಲವೆಂದೂ ಅಲ್ಲ. 2016ರ ಅಕ್ಟೋಬರಿನಲ್ಲಿ, 800ಕ್ಕೂ ಹೆಚ್ಚು ಮರ ಕಡಿದು ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುತ್ತೇವೆಂದಾಗ ಸಾವಿರಾರು ಜನ ರಸ್ತೆಬದಿಯಲ್ಲಿ ಕೈಕೈ ಹಿಡಿದು ನಿಂತರು. ಮುಂದಿನ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಯೋಜನೆ ಬಂದಿದೆ. ಮೇಲೆ ಬೇಡವೆಂದದ್ದಕ್ಕೆ ಕೆಳಗೆ. ಕಾರಿಗೆ ಆಕಾಶದಲ್ಲೂ ಪಾತಾಳದಲ್ಲೂ ದಾರಿ ಹುಡುಕುವವರಿಗೆ, ಕಾಲಿಗೆ ನೆಲದ ಮೇಲೆ ನಾಲ್ಕು ಮಾರು ಜಾಗ ಹುಡುಕುವುದು ಕಷ್ಟವಾಗಿದೆ.

ಇದು ಬರೀ ಮೊಣಕಾಲು ನೋವಿನ ಗೊಣಗಾಟವೂ ಅಲ್ಲ. ಈ ಊರಿನ ರಸ್ತೆಗಳಲ್ಲಿ ಸಾಯುವವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ನಡೆದು ಹೋಗುತ್ತಿದ್ದವರು. ಒಳ್ಳೆಯ ಫುಟ್‌ಪಾತಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ, ಅಂದರೆ ಬದುಕುವ ಹಕ್ಕಿನಲ್ಲೇ ಸೇರಿದೆಯೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ, ಈ ಹಕ್ಕನ್ನು ಹಿಡಿದು ಬಾಗಿಲು ತಟ್ಟೋಣವೆಂದರೆ ವಾರ್ಡಿಗೊಬ್ಬ ಕಾರ್ಪೊರೇಟರೇ ಇರಲಿಲ್ಲ.

ಆದ್ದರಿಂದ ಇನ್ನು ಮುಂದೆ ನಮ್ಮ ಬಡಾವಣೆಗೆ ಮತ ಕೇಳಲು ಬರುವ ಎಲ್ಲ ಪಕ್ಷದವರಲ್ಲಿ ನನ್ನದೊಂದೇ ಕೋರಿಕೆ. ತೆರೆದ ಜೀಪು ಬೇಡ. ಮೆಟ್ರೊದಲ್ಲಿ ಬನ್ನಿ, ಇಳಿದು ನಮ್ಮ ಮನೆಯ ತನಕ ಫುಟ್‌ಪಾತಿನ ಮೇಲೆಯೇ ನಡೆದು ಬನ್ನಿ, ಸಾಧ್ಯವಾದರೆ ನಿಮ್ಮ ತಾಯಿಯವರನ್ನೂ ಜೊತೆಗೆ ಕರೆತನ್ನಿ. ಬಿಸಿ ಕಾಫಿ ಕೊಡುತ್ತೇನೆ, ಕಾಲಿಗೆ ಹಚ್ಚಲು ಮುಲಾಮೂ ಇದೆ. ಆಮೇಲೆ ನಿಮ್ಮ ಪ್ರಣಾಳಿಕೆಯಲ್ಲಿ ಮೊದಲನೆಯ ಸಾಲು ಏನಿರಬೇಕೆಂದು ನಾನು ಹೇಳಬೇಕಾಗಿಲ್ಲ.