ಮುರಿದ ಕೈಗೆ ಯಾವ ವಿಮೆ?

ಗುತ್ತೂರಿನ ಬಯಲಿನಲ್ಲಿ ಕಬಡ್ಡಿ ಆಡುತ್ತಿದ್ದ ಒಂಬತ್ತನೇ ತರಗತಿಯ ಹುಡುಗ ಬಿದ್ದು ಬಲಗೈ ಮುರಿದುಕೊಂಡ. ಹರಿಹರದಲ್ಲಿ ಪಟ್ಟಿ ಕಟ್ಟಿಸುವಾಗ ಅವನ ತಾಯಿ ಆಟದ ಮೇಷ್ಟ್ರನ್ನು ಕೇಳಿದರು: “ಬ್ಯಾಂಕ್ನಾಗೆ ವರ್ಷಕ್ಕೆ ಇಪ್ಪತ್ ರೂಪಾಯಿ ಹಿಡ್ಕೋತಾರಲ್ರೀ, ಆ ಇನ್ಶೂರೆನ್ಸು ಇದಕ್ಕೆ ಬರಲ್ವೇನ್ರೀ, ಸಾರ್?”

ಬರುವುದಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವರ್ಷದ ಖಾತೆದಾರರಿಗೆ ಮಾತ್ರ. ಅಪಘಾತದಲ್ಲಿ ಸತ್ತರೆ 2 ಲಕ್ಷ ರೂಪಾಯಿ. ಆಸ್ಪತ್ರೆಯ ಖರ್ಚಿಗೆ ಕಾಸಿಲ್ಲ. ಹುಡುಗನಿಗಿನ್ನೂ 15.

ವಿದ್ಯಾರ್ಥಿಗಳಿಗೆಂದೇ ಗುಂಪು ಅಪಘಾತ ವಿಮೆ ಉಂಟು. ಕೇಳುವವರು ಬೇಕು; ಚಿಕಿತ್ಸೆಯ ವೆಚ್ಚ ಸೇರಿದೆಯೇ ಎಂದು ಷರತ್ತು ಓದುವವರೂ ಬೇಕು.

ಮುಂದಿನ ಪಂದ್ಯದ ಖರ್ಚಿನ ಪಟ್ಟಿಯಲ್ಲಿ ಮೇಷ್ಟ್ರು ಹಾರ, ಶಾಲುಗಳನ್ನು ಹೊಡೆದುಹಾಕಿ, ಮೊದಲ ಸಾಲಿಗೇ ಬರೆದರು: ‘ಮಕ್ಕಳ ವಿಮೆ’.